ಫ್ಯೂನರಲ್ ಸರ್ವೀಸ್ ಡಿಗ್ರಿ: ಫೀಸು ಕಟ್ಟುವ ಮೊದಲು ಹಾಕಬೇಕಾದ ಲೆಕ್ಕ

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಅಕ್ಕಪಕ್ಕದವರೇ ಬಿದಿರು ತಂದು ಚಟ್ಟ ಕಟ್ಟುತ್ತಾರೆ. ಒಬ್ಬರು ಪುರೋಹಿತರಿಗೆ ಫೋನ್ ಮಾಡುತ್ತಾರೆ, ಇನ್ನೊಬ್ಬರು ವೈಕುಂಠ ವಾಹನ ಕರೆಸುತ್ತಾರೆ. ಅಮೆರಿಕದಲ್ಲಿ ಈ ಕೆಲಸವೆಲ್ಲ ಸಾಮಾನ್ಯವಾಗಿ ಫ್ಯೂನರಲ್ ಹೋಮ್ ಕೈಗೆ ಹೋಗುತ್ತದೆ. ಆಸ್ಪತ್ರೆಯಿಂದ ಶವ ತರುವುದು, ಮರಣ ಪತ್ರದ ಓಡಾಟ, ಎಂಬಾಮಿಂಗ್ (ಶವ ಕೆಡದಂತೆ ರಾಸಾಯನಿಕದಿಂದ ಕಾಪಾಡುವುದು), ಅಲಂಕಾರ, ದಹನ ಅಥವಾ ದಫನ, ಎಲ್ಲವೂ ಅವರದೇ. ಇದನ್ನು ಮಾಡುವವರಿಗೆ ಲೈಸೆನ್ಸ್ ಬೇಕು. ಆ ಲೈಸೆನ್ಸಿಗೆ ಹೆಚ್ಚಿನ ರಾಜ್ಯಗಳಲ್ಲಿ ಮಾರ್ಚುಅರಿ ಸೈನ್ಸ್ ಅಥವಾ ಫ್ಯೂನರಲ್ ಸರ್ವೀಸ್ ಓದಿರಬೇಕು.

ಅಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಯಾರಾದರೂ ಈ ಓದಿನ ಬಗ್ಗೆ ಕೇಳಿದರೆ, ಮನೆಯಲ್ಲಿ ಮೊದಲು ಬರುವ ಮಾತು "ಹೆಣದ ಕೆಲಸಾನಾ?" ಎಂದು. ಆ ಮಾತು ಆರಿದ ಮೇಲೆ ಬರುವ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರ ಹುಡುಕೋಣ: ಖರ್ಚು ಮಾಡಿದ ದುಡ್ಡು ವಾಪಸ್ ಬರುತ್ತಾ? ಬಂದರೆ ಯಾವಾಗ?

ಒಂದು ತಪ್ಪು ಕಲ್ಪನೆಯನ್ನು ಮೊದಲೇ ತೆಗೆದುಹಾಕಿಬಿಡಿ. ಅಮೆರಿಕದ ಫ್ಯೂನರಲ್ ಡೈರೆಕ್ಟರುಗಳ ರಾಷ್ಟ್ರೀಯ ಸಂಘ ಎನ್‌ಎಫ್‌ಡಿಎ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅಂತಿಮ ದರ್ಶನದ ಜೊತೆ ದಫನಕ್ಕೆ ಸುಮಾರು 8,300 ಡಾಲರ್, ಅಂತಿಮ ದರ್ಶನದ ಜೊತೆ ದಹನಕ್ಕೆ ಸುಮಾರು 6,280 ಡಾಲರ್ ಆಗುತ್ತಿತ್ತು. ಇದನ್ನು ಓದಿದವರು "ಅಬ್ಬಾ, ಈ ಕೆಲಸದಲ್ಲಿ ಎಷ್ಟು ದುಡ್ಡಿದೆ" ಅಂದುಕೊಳ್ಳುತ್ತಾರೆ. ಅದು ಅಂಗಡಿಯ ವ್ಯಾಪಾರ, ಕೆಲಸದವರ ಸಂಬಳ ಅಲ್ಲ. ಕಟ್ಟಡ, ಶವ ವಾಹನ, ಶೀತಲ ಕೋಣೆ, ಇನ್ಶೂರೆನ್ಸ್, ರಾತ್ರಿ ಪಾಳಿ ಎಲ್ಲ ಕಳೆದು ಉಳಿದದ್ದು ಮಾಲೀಕರಿಗೆ. ಡಿಗ್ರಿ ಮುಗಿಸಿದವರು ಅಲ್ಲಿ ನೌಕರರಾಗಿಯೇ ಶುರು ಮಾಡುವುದು.

ಭಾರತದಿಂದ ಹೋಗಿ ಓದುವ ಯೋಚನೆ ಇದ್ದರೆ

ಈ ಭಾಗವನ್ನು ಮೊದಲೇ ಇಟ್ಟಿದ್ದೇನೆ, ಯಾಕೆಂದರೆ ಕೆಲವರ ಲೆಕ್ಕ ಇಲ್ಲಿಗೇ ಮುಗಿಯುತ್ತದೆ.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಓದಿನ ನಂತರ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ 12 ತಿಂಗಳು. ಎಂಜಿನಿಯರಿಂಗ್ ಮಕ್ಕಳಿಗೆ ಸಿಗುವ ಇನ್ನೆರಡು ವರ್ಷದ ವಿಸ್ತರಣೆ ಈ ಓದಿಗಿಲ್ಲ. ಆದರೆ ಪೂರ್ತಿ ಲೈಸೆನ್ಸ್ ಸಿಗಲು ರಾಜ್ಯವನ್ನು ನೋಡಿಕೊಂಡು ಒಂದರಿಂದ ಮೂರು ವರ್ಷ ಅಪ್ರೆಂಟಿಸ್ ಆಗಿರಬೇಕು, ಅಂದರೆ ಲೈಸೆನ್ಸ್ ಇರುವವರ ಕೈಕೆಳಗೆ ಕೆಲಸ ಕಲಿಯಬೇಕು. ಹಾಗಾಗಿ ಎರಡು ವರ್ಷ ಕೇಳುವ ರಾಜ್ಯದಲ್ಲಿ ಕಲಿಕೆ ಅರ್ಧಕ್ಕೆ ಬಂದಾಗಲೇ ಕೆಲಸದ ಅನುಮತಿ ಮುಗಿದಿರುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾ ಕೂಡ ಕಷ್ಟ. ಆ ವೀಸಾ ಬೇಕಾದರೆ ಕೆಲಸವೇ ನಾಲ್ಕು ವರ್ಷದ ಡಿಗ್ರಿ ಕೇಳುವಂಥದ್ದಾಗಿರಬೇಕು. ಇಲ್ಲಿ ಬಹಳಷ್ಟು ರಾಜ್ಯಗಳಿಗೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೇ ಸಾಕು. ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರದ ನೆರವೂ ಇಲ್ಲ, ಸರ್ಕಾರಿ ಸಾಲವೂ ಇಲ್ಲ.

ವಾಪಸ್ ಬಂದರೆ? ಕರ್ನಾಟಕದಲ್ಲಿ ಈ ಕೆಲಸಕ್ಕೆ ಇಂಥ ಡಿಗ್ರಿಯನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಎಂಬಾಮಿಂಗ್ ಬೇಕಾದರೆ ಜನ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗುತ್ತಾರೆ. ಬೆಂಗಳೂರಿನ ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳದ ವಿದ್ಯುತ್ ಚಿತಾಗಾರಗಳು ಪಾಲಿಕೆಯವು. ಡಾಲರಿನಲ್ಲಿ ಫೀಸು ಕಟ್ಟಿ ರೂಪಾಯಿಯಲ್ಲಿ ದುಡಿಯುವ ಲೆಕ್ಕ ಇಲ್ಲಿ ಕೂಡುವುದೇ ಇಲ್ಲ. ಸಾಲ ಮಾಡಿ ಹೋಗಬೇಡಿ ಅಂತಲೇ ಹೇಳುತ್ತೇನೆ.

ಮುಂದಿನದೆಲ್ಲ ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರುವವರು, ಅವರ ಮಕ್ಕಳಿಗಾಗಿ.

ಹೆಜ್ಜೆ 1: ಯಾವ ಕೆಲಸ ಬೇಕು ಅಂತ ಮೊದಲು ತೀರ್ಮಾನಿಸಿ

ಫ್ಯೂನರಲ್ ಹೋಮಿನಲ್ಲಿ ಇರುವುದು ಒಂದೇ ಕೆಲಸವಲ್ಲ. ಮನೆಯವರ ಜೊತೆ ಕೂತು ಕಾರ್ಯಕ್ರಮ ಗೊತ್ತು ಮಾಡುವವರು ಅರೇಂಜರ್. ಎಲ್ಲದರ ಕಾನೂನು ಜವಾಬ್ದಾರಿ ಹೊರುವವರು ಫ್ಯೂನರಲ್ ಡೈರೆಕ್ಟರ್. ಶವವನ್ನು ರಾಸಾಯನಿಕದಿಂದ ಕಾಪಾಡಿ, ಗಾಯಗಳನ್ನು ಸರಿಪಡಿಸುವವರು ಎಂಬಾಮರ್. ದಹನ ಯಂತ್ರ ನಡೆಸುವವರು ಬೇರೆ. ಮುಂಗಡವಾಗಿ ಅಂತ್ಯಕ್ರಿಯೆ ಪ್ಲಾನ್ ಮಾರುವವರು ಬೇರೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಇವುಗಳಲ್ಲಿ ಕೆಲವಕ್ಕೆ ಈ ಡಿಗ್ರಿ ಬೇಡವೇ ಬೇಡ. ಕ್ಯಾಲಿಫೋರ್ನಿಯಾವನ್ನೇ ನೋಡಿ. ಅಲ್ಲಿ ಡೈರೆಕ್ಟರ್ ಲೈಸೆನ್ಸ್ ಬೇರೆ, ಎಂಬಾಮರ್ ಲೈಸೆನ್ಸ್ ಬೇರೆ. ಡೈರೆಕ್ಟರ್ ಆಗಲು ಯಾವುದಾದರೂ ವಿಷಯದ ಅಸೋಸಿಯೇಟ್ ಡಿಗ್ರಿ ಇದ್ದು, ರಾಜ್ಯದ ಪರೀಕ್ಷೆ ಪಾಸಾದರೆ ನಡೆಯುತ್ತದೆ. ಮಾರ್ಚುಅರಿ ಕಾಲೇಜು ಬೇಕಾಗುವುದು ಎಂಬಾಮರ್ ಆಗಲು. ದಹನ ಯಂತ್ರ ನಡೆಸಲು ಚಿಕ್ಕ ಸರ್ಟಿಫಿಕೇಟ್ ಕೋರ್ಸುಗಳಿವೆ, ಅವು ವರ್ಷಗಟ್ಟಲೆ ಹಿಡಿಯುವುದಿಲ್ಲ. ಜನರ ಜೊತೆ ಮಾತಾಡುವುದೇ ನಿಮಗೆ ಇಷ್ಟ, ಎಂಬಾಮಿಂಗ್ ಕೋಣೆಗೆ ಕಾಲಿಡಲು ಮನಸ್ಸಿಲ್ಲ ಅಂದರೆ, ನಿಮ್ಮ ರಾಜ್ಯದಲ್ಲಿ ಈ ಡಿಗ್ರಿ ಇಲ್ಲದ ದಾರಿ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಆ ಫೀಸೆಲ್ಲ ಉಳಿಯಿತು.

ಹೆಜ್ಜೆ 2: ಕಾಲೇಜಿಗಿಂತ ಮೊದಲು ರಾಜ್ಯದ ನಿಯಮ ಓದಿ

ಈ ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ. ಒಂದೊಂದು ರಾಜ್ಯದ್ದೂ ಒಂದೊಂದು ನಿಯಮ. ಒಹಾಯೋ ಮತ್ತು ಮಿನೆಸೋಟಾ ನಾಲ್ಕು ವರ್ಷದ ಡಿಗ್ರಿ ಕೇಳುತ್ತವೆ. ನ್ಯೂಯಾರ್ಕ್‌ನಲ್ಲಿ ಎರಡು ವರ್ಷದ ಓದು, ಆಮೇಲೆ ಒಂದು ವರ್ಷದ ರೆಸಿಡೆನ್ಸಿ (ಅಪ್ರೆಂಟಿಸ್‌ಶಿಪ್‌ಗೆ ಅಲ್ಲಿನ ಹೆಸರು). ಕ್ಯಾಲಿಫೋರ್ನಿಯಾದಲ್ಲಿ ಎಂಬಾಮರ್ ಆಗಬೇಕಾದರೆ ಎರಡು ವರ್ಷ ಅಪ್ರೆಂಟಿಸ್ ಆಗಿದ್ದು 100 ಶವಗಳ ಎಂಬಾಮಿಂಗ್ ಮಾಡಿರಬೇಕು. ಕೊಲರಾಡೊದಲ್ಲಿ ದಶಕಗಳ ಕಾಲ ಲೈಸೆನ್ಸೇ ಬೇಕಿರಲಿಲ್ಲ. 2023ರಲ್ಲಿ ಅಲ್ಲಿನ ಪೆನ್‌ರೋಸ್ ಎಂಬ ಊರಿನ ಕಟ್ಟಡವೊಂದರಲ್ಲಿ ಸುಮಾರು 190 ಶವಗಳು ಕೊಳೆತು ಬಿದ್ದಿದ್ದು ಗೊತ್ತಾಯಿತು. ಮರುವರ್ಷವೇ ಕಾನೂನು ಬದಲಾಯಿತು, 2027ರ ಜನವರಿಯಿಂದ ಅಲ್ಲೂ ಲೈಸೆನ್ಸ್ ಬೇಕು.

ಹಾಗಾಗಿ ಓದು ಮುಗಿದ ಮೇಲೆ ಎಲ್ಲಿ ಇರುತ್ತೀರಿ ಅನ್ನುವುದು ಗೊತ್ತಿರಬೇಕು. ಎರಡು ವರ್ಷದ ಡಿಗ್ರಿ ಹಿಡಿದು ಒಹಾಯೋಗೆ ಹೋದರೆ ಮತ್ತೆ ಓದಬೇಕಾಗುತ್ತದೆ. ಮದುವೆಯೋ, ಸಂಗಾತಿಯ ಕೆಲಸವೋ, ಯಾವ ಕಾರಣಕ್ಕೆ ಊರು ಬದಲಾದರೂ ಲೈಸೆನ್ಸ್ ತಾನಾಗಿ ಜೊತೆಗೆ ಬರುವುದಿಲ್ಲ. ರಾಜ್ಯದ ಫ್ಯೂನರಲ್ ಬೋರ್ಡಿನ ವೆಬ್‌ಸೈಟಿಗೆ ಹೋಗಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಎಷ್ಟು ವರ್ಷದ ಓದು, ಎಷ್ಟು ಕಾಲದ ಅಪ್ರೆಂಟಿಸ್‌ಶಿಪ್, ಅದನ್ನು ಓದುವಾಗಲೇ ಶುರು ಮಾಡಬಹುದಾ, ಯಾವ ಯಾವ ಪರೀಕ್ಷೆ.

ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಓದುತ್ತಲೇ ಅಪ್ರೆಂಟಿಸ್ ಆಗಲು ಬಿಟ್ಟರೆ ಒಂದು ಇಡೀ ವರ್ಷದ ಕಡಿಮೆ ಸಂಬಳ ತಪ್ಪುತ್ತದೆ.

ಹೆಜ್ಜೆ 3: ಕಾಲೇಜುಗಳ ಪಟ್ಟಿ ಮಾಡಿ

ಅಮೆರಿಕನ್ ಬೋರ್ಡ್ ಆಫ್ ಫ್ಯೂನರಲ್ ಸರ್ವೀಸ್ ಎಜುಕೇಶನ್ ಅನ್ನುವ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ. ದೇಶದಲ್ಲಿ ಇಂಥ ಕೋರ್ಸುಗಳು ಸುಮಾರು 60 ಇವೆ, ಅಷ್ಟೇ. ಮಾನ್ಯತೆ ಇಲ್ಲದ ಕಡೆ ಓದಿದರೆ ಲೈಸೆನ್ಸಿಗಾಗಿ ಬರೆಯುವ ನ್ಯಾಷನಲ್ ಬೋರ್ಡ್ ಪರೀಕ್ಷೆಗೆ ಕೂರುವುದೇ ಕಷ್ಟ. ಆ ಪರೀಕ್ಷೆಯಲ್ಲಿ ಎರಡು ಭಾಗ. ಆರ್ಟ್ಸ್ ಭಾಗದಲ್ಲಿ ಕಾನೂನು, ವ್ಯವಹಾರ, ದುಃಖದಲ್ಲಿರುವವರ ಜೊತೆ ಮಾತಾಡುವ ರೀತಿ ಬರುತ್ತವೆ. ಸೈನ್ಸ್ ಭಾಗದಲ್ಲಿ ಅನಾಟಮಿ, ಮೈಕ್ರೋಬಯಾಲಜಿ, ರಸಾಯನ, ಎಂಬಾಮಿಂಗ್, ಮುಖ ಸರಿಪಡಿಸುವ ಕಲೆ.

ಕಾಲೇಜುಗಳಲ್ಲಿ ಮೂರು ಬಗೆ.

ಸರ್ಕಾರಿ ಕಮ್ಯುನಿಟಿ ಕಾಲೇಜು ಅಗ್ಗ. ಕ್ಯಾಲಿಫೋರ್ನಿಯಾದ ಸೈಪ್ರೆಸ್ ಕಾಲೇಜು, ಸ್ಯಾಕ್ರಮೆಂಟೊದ ಅಮೆರಿಕನ್ ರಿವರ್ ಕಾಲೇಜು, ನ್ಯೂಜೆರ್ಸಿಯ ಮರ್ಸರ್ ಕೌಂಟಿ, ನ್ಯೂಯಾರ್ಕಿನ ನಸ್ಸಾವ್, ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಕಾಲೇಜು ಈ ಗುಂಪಿನವು. ನಮ್ಮವರು ಜಾಸ್ತಿ ಇರುವ ರಾಜ್ಯಗಳಲ್ಲೇ ಇವು ಇರುವುದು ಒಳ್ಳೆಯದೇ ಆಯಿತು.

ಇದೊಂದೇ ವಿಷಯ ಕಲಿಸುವ ಖಾಸಗಿ ಕಾಲೇಜುಗಳು ಎರಡನೇ ಬಗೆ. ಸಿನ್ಸಿನಾಟಿ ಕಾಲೇಜ್ ಆಫ್ ಮಾರ್ಚುಅರಿ ಸೈನ್ಸ್ 1882ರಷ್ಟು ಹಳೆಯದು. ಪಿಟ್ಸ್‌ಬರ್ಗ್, ಡಲ್ಲಾಸ್, ಷಿಕಾಗೊ ಸುತ್ತಮುತ್ತಲೂ ಹೆಸರಾದವು ಇವೆ. ಇವುಗಳಲ್ಲಿ ಕೋರ್ಸ್ ಬೇಗ ಮುಗಿಯಬಹುದು, ಫ್ಯೂನರಲ್ ಹೋಮುಗಳ ಪರಿಚಯವೂ ಚೆನ್ನಾಗಿರುತ್ತದೆ. ಆದರೆ ಖರ್ಚು ಹತ್ತಾರು ಸಾವಿರ ಡಾಲರ್.

ಮೂರನೆಯದು ವಿಶ್ವವಿದ್ಯಾಲಯದ ನಾಲ್ಕು ವರ್ಷದ ಡಿಗ್ರಿ. ಮಿನೆಸೋಟಾ ವಿಶ್ವವಿದ್ಯಾಲಯದ ಕೋರ್ಸ್ 1908ರಿಂದ ಇದೆ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್‌ನಲ್ಲೂ ಇದೆ.

ಹೆಸರು ನೋಡಿ ಮರುಳಾಗಬೇಡಿ. ಕೆಲಸ ಕೊಡುವವರು ಮೊದಲು ಕೇಳುವುದು ಲೈಸೆನ್ಸ್ ಇದೆಯಾ, ರಾತ್ರಿ ಬರ್ತೀರಾ, ಗಾಡಿ ಓಡಿಸೋಕೆ ಬರುತ್ತಾ ಅಂತ. ಯಾವ ಕಾಲೇಜು ಅನ್ನುವುದು ಆಮೇಲಿನ ಮಾತು. ಅದರ ಬದಲು ಮೂರು ಅಂಕಿ ನೋಡಿ: ಸೇರಿದವರಲ್ಲಿ ಎಷ್ಟು ಜನ ಓದು ಮುಗಿಸಿದರು, ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೆ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು. ಮಾನ್ಯತೆ ಇರುವ ಕಾಲೇಜುಗಳು ಇವನ್ನು ಪ್ರಕಟಿಸಲೇಬೇಕು. ಒಂದೇ ವರ್ಷದ್ದು ನೋಡಬೇಡಿ, ಹತ್ತು ಹನ್ನೆರಡು ಮಕ್ಕಳ ತರಗತಿಯಲ್ಲಿ ಇಬ್ಬರು ಫೇಲಾದರೂ ಶೇಕಡಾವಾರು ದಿಢೀರ್ ಕುಸಿಯುತ್ತದೆ. ಮೂರು ವರ್ಷದ್ದು ಒಟ್ಟಿಗೆ ನೋಡಿ. ಓದು ಮುಗಿಸಿದವರ ಪ್ರಮಾಣ ಕಡಿಮೆ ಇದ್ದರೆ, ಅರ್ಧಕ್ಕೆ ಬಿಟ್ಟವರು ಕಟ್ಟಿದ ಫೀಸು ನೀರಲ್ಲಿ ಹೋಯಿತು ಅಂತಲೇ ಅರ್ಥ.

ಬೇರೆ ಡಿಗ್ರಿ ಈಗಾಗಲೇ ಇದೆಯಾ? ಭಾರತದಲ್ಲಿ ಬಿ.ಎಸ್ಸಿ., ಬಿ.ಕಾಂ. ಮಾಡಿ ಹೋದವರೂ ಇದ್ದೀರಿ. ಆ ಅಂಕಪಟ್ಟಿಗಳನ್ನು ಅಲ್ಲಿನ ಮೌಲ್ಯಮಾಪನ ಸಂಸ್ಥೆಗೆ ಕೊಟ್ಟು ಕ್ರೆಡಿಟ್ ಮಾಡಿಸಿಕೊಳ್ಳಿ. ಇಂಗ್ಲಿಷ್, ಗಣಿತ, ಅಕೌಂಟ್ಸ್‌ನಂಥ ಸಾಮಾನ್ಯ ವಿಷಯಗಳಿಂದ ವಿನಾಯಿತಿ ಸಿಗಬಹುದು. ಕೆಲವು ಕಾಲೇಜುಗಳಲ್ಲಿ ಡಿಗ್ರಿ ಇರುವವರಿಗೆಂದೇ ಸುಮಾರು ಒಂದು ವರ್ಷದ ಡಿಪ್ಲೊಮಾ ಇದೆ. ನಲವತ್ತರ ಹತ್ತಿರ ಬಂದು ಕೆಲಸ ಬದಲಿಸುವವರಿಗೆ ಇದೇ ವಾಸಿ.

ಹೆಜ್ಜೆ 4: ಖರ್ಚನ್ನು ಪೂರ್ತಿ ಬರೆಯಿರಿ

ಕಾಲೇಜಿನವರು ತೋರಿಸುವುದು ಟ್ಯೂಷನ್ ಫೀಸು ಮಾತ್ರ. ನೀವು ಇನ್ನೂ ಕೆಲವು ಸಾಲು ಸೇರಿಸಬೇಕು. ಪುಸ್ತಕ, ಲ್ಯಾಬ್ ಶುಲ್ಕ, ಗೌನು-ಮಾಸ್ಕು, ಎಂಬಾಮಿಂಗ್ ಸಲಕರಣೆ, ಹೆಪಟೈಟಿಸ್ ಬಿ ಲಸಿಕೆ. ಬೋರ್ಡ್ ಪರೀಕ್ಷೆಯ ಎರಡೂ ಭಾಗಕ್ಕೆ ಸೇರಿ ನೂರಾರು ಡಾಲರ್. ರಾಜ್ಯದ ಅರ್ಜಿ, ಬೆರಳಚ್ಚು, ಲೈಸೆನ್ಸ್, ಪ್ರತಿ ನವೀಕರಣ. ಎರಡು ಜೊತೆ ಕಪ್ಪು ಸೂಟು, ದಿನವಿಡೀ ನಿಲ್ಲಬಹುದಾದ ಬೂಟು. ನಗು ಬರಬಹುದು, ಆದರೆ ಸೂಟಿನ ಡ್ರೈಕ್ಲೀನಿಂಗ್ ಖರ್ಚು ಈ ಕೆಲಸದಲ್ಲಿ ನಿಜವಾದ ಖರ್ಚು.

ಆನ್‌ಲೈನ್ ಕೋರ್ಸ್ ಅಂದರೂ ಎಂಬಾಮಿಂಗ್ ಆನ್‌ಲೈನ್ ಆಗುವುದಿಲ್ಲ. ಅದನ್ನು ಕಾಲೇಜಿಗೆ ಹೋಗಿಯೋ, ಹತ್ತಿರದ ಒಪ್ಪಿತ ಫ್ಯೂನರಲ್ ಹೋಮಿನಲ್ಲೋ ಮಾಡಬೇಕು. ಆ ಓಡಾಟದ ಖರ್ಚನ್ನೂ ಬರೆಯಿರಿ.

ಇವೆಲ್ಲಕ್ಕಿಂತ ದೊಡ್ಡ ಸಾಲು ಯಾವುದು ಗೊತ್ತಾ? ಓದುವಾಗ ದುಡಿಯದೇ ಬಿಟ್ಟ ದುಡ್ಡು. ಇದಕ್ಕೆ ಬಿಲ್ಲೂ ಬರುವುದಿಲ್ಲ, ರಸೀದಿಯೂ ಇಲ್ಲ. ಹಾಗಾಗಿ ಯಾರೂ ಬರೆಯುವುದಿಲ್ಲ.

ಹೆಜ್ಜೆ 5: ದುಡ್ಡು ಎಲ್ಲಿಂದ ಬರುತ್ತದೆ

ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವಿಗಾಗಿ ಎಫ್‌ಎಎಫ್‌ಎಸ್‌ಎ ಅನ್ನುವ ಅರ್ಜಿ ಹಾಕಿ. ಮನೆಯ ಆದಾಯ ಕಡಿಮೆ ಇದ್ದರೆ ಪೆಲ್ ಗ್ರಾಂಟ್ ಎಂಬ ಸಹಾಯಧನ ಸಿಗಬಹುದು. 2024-25ರಲ್ಲಿ ಅದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್ ಇತ್ತು. ಇದು ಸಾಲ ಅಲ್ಲ, ತಿರುಗಿ ಕಟ್ಟಬೇಕಿಲ್ಲ. ಆದರೆ ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರಿನಲ್ಲಿ ಇದ್ದರೆ ಇದರ ಆಸೆ ಬಿಡಿ. ಎನ್‌ಎಫ್‌ಡಿಎಗೆ ಸೇರಿದ ಫ್ಯೂನರಲ್ ಸರ್ವೀಸ್ ಫೌಂಡೇಷನ್, ಮಾನ್ಯತೆ ಕೊಡುವ ಬೋರ್ಡು, ರಾಜ್ಯ ಮಟ್ಟದ ಸಂಘಗಳು ಸ್ಕಾಲರ್‌ಶಿಪ್ ಕೊಡುತ್ತವೆ. ಓದುವ ಮಕ್ಕಳೇ ಕಡಿಮೆ ಇರುವ ಕ್ಷೇತ್ರ, ಅರ್ಜಿ ಹಾಕುವವರೂ ಕಡಿಮೆ. ಹಾಕಿಬಿಡಿ.

ಸಾಲದ ವಿಷಯಕ್ಕೆ ಬಾಯಿಪಾಠ ಮಾಡಬೇಕಾದ ಒಂದೇ ಅಂಕಿ ಇದೆ. ಶೇಕಡಾ 6.5 ಬಡ್ಡಿಗೆ, ಹತ್ತು ವರ್ಷಕ್ಕೆ, ಪ್ರತಿ 10,000 ಡಾಲರ್ ಸಾಲಕ್ಕೆ ತಿಂಗಳಿಗೆ ಸುಮಾರು 114 ಡಾಲರ್ ಕಂತು. 25,000 ಸಾಲ ಆದರೆ 284. 40,000 ಆದರೆ 454. ಮೊದಲು ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ತೆಗೆದುಕೊಳ್ಳಿ. ಅದು ಸಾಲದೆ ಖಾಸಗಿ ಬ್ಯಾಂಕಿನ ಸಾಲ ಬೇಕಾಗುತ್ತಿದೆ ಅಂದರೆ, ನೀವು ಆರಿಸಿದ ಕಾಲೇಜು ದುಬಾರಿ ಆಯಿತು ಎಂದು ತಿಳಿಯಿರಿ.

ಹೆಜ್ಜೆ 6: ಸಂಬಳವನ್ನು ಮೂರು ತುಂಡು ಮಾಡಿ ನೋಡಿ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಇತ್ತೀಚಿನ ವರ್ಷಗಳ ಲೆಕ್ಕದಲ್ಲಿ, ಫ್ಯೂನರಲ್ ಡೈರೆಕ್ಟರ್ ಮತ್ತು ಅರೇಂಜರುಗಳ ನಡುಮಟ್ಟದ ಸಂಬಳ ವರ್ಷಕ್ಕೆ 50,000 ಡಾಲರ್ ಆಸುಪಾಸು. ಫ್ಯೂನರಲ್ ಹೋಮ್ ಮ್ಯಾನೇಜರುಗಳದ್ದು 70,000 ದಾಟುತ್ತದೆ. ನಡುಮಟ್ಟ ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ಬರುವವರ ಸಂಬಳ. ಅರ್ಧ ಜನಕ್ಕೆ ಅಷ್ಟೂ ಇಲ್ಲ. ಆ ಸಾಲಿನಲ್ಲಿ ಇಪ್ಪತ್ತು ವರ್ಷ ಅನುಭವ ಇರುವವರೂ ನಿಂತಿದ್ದಾರೆ. ಹೊಸಬರಿಗೆ ಮೊದಲ ದಿನವೇ ಅದು ಸಿಗುವುದಿಲ್ಲ.

ಆದ್ದರಿಂದ ಮೂರು ತುಂಡು. ಮೊದಲನೆಯದು ಓದುವಾಗ ಮಾಡುವ ಅರೆಕಾಲಿಕ ಕೆಲಸ. ಎರಡನೆಯದು ಅಪ್ರೆಂಟಿಸ್ ಕಾಲ. ಮೂರನೆಯದು ಪೂರ್ತಿ ಲೈಸೆನ್ಸ್ ಬಂದ ಮೇಲಿನ ಸಂಬಳ. ಕಾಲೇಜಿನ ಜಾಹೀರಾತಿನಲ್ಲಿ ಮೂರನೆಯದು ಮಾತ್ರ ಇರುತ್ತದೆ. ನಿಮ್ಮ ಕಷ್ಟ ಇರುವುದು ಎರಡನೆಯದರಲ್ಲಿ.

ಅಪ್ರೆಂಟಿಸ್ ಕಾಲದಲ್ಲಿ ಎಂಥ ಸಂಬಳ? ಗಂಟೆ ಲೆಕ್ಕದ್ದು, ಸಾಧಾರಣ. ಕ್ಯಾಲಿಫೋರ್ನಿಯಾದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಫಾಸ್ಟ್‌ಫುಡ್ ಸರಣಿಗಳ ಕೆಲಸದವರಿಗೆ ಗಂಟೆಗೆ ಕನಿಷ್ಠ 20 ಡಾಲರ್ ಕೊಡಬೇಕು. ನಿಮ್ಮ ಊರಿನ ಅಪ್ರೆಂಟಿಸ್ ಸಂಬಳವನ್ನು ಇದರ ಪಕ್ಕ ಇಟ್ಟು ನೋಡಿ. ಬರ್ಗರ್ ಅಂಗಡಿಗಿಂತ ಬಹಳ ಮೇಲೇನೂ ಇರುವುದಿಲ್ಲ. ಬೇಸರದ ಮಾತಲ್ಲ ಇದು, ಲೆಕ್ಕ ಇಲ್ಲಿಂದಲೇ ಶುರುವಾಗಬೇಕು.

ಹೆಜ್ಜೆ 7: ಈಗ ಕೂಡಿ ಕಳೆಯಿರಿ

ಒಂದು ಉದಾಹರಣೆ ಹಾಕೋಣ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅಪ್ಪ ಅಮ್ಮನ ಮನೆಯಲ್ಲೇ ಇದ್ದು, ಎಂಬಾಮರ್ ಆಗಲು ಕಮ್ಯುನಿಟಿ ಕಾಲೇಜಿಗೆ ಹೋಗುವ ಹುಡುಗಿ. ಫೀಸು ಬಿಟ್ಟು ಉಳಿದ ಅಂಕಿಗಳು ನಾನು ಲೆಕ್ಕಕ್ಕೆಂದು ಹಿಡಿದವು, ನಿಮ್ಮ ಊರಿನವನ್ನು ನೀವು ಹಾಕಿಕೊಳ್ಳಿ.

ಆ ರಾಜ್ಯದ ನಿವಾಸಿಗಳಿಗೆ ಯುನಿಟ್‌ಗೆ (ಓದನ್ನು ಅಳೆಯುವ ಕ್ರೆಡಿಟ್‌ಗೆ) 46 ಡಾಲರ್ ಫೀಸು. 60 ಯುನಿಟ್‌ಗೆ 2,760. ಪುಸ್ತಕ, ಸಲಕರಣೆ, ಕಾರು, ಪರೀಕ್ಷೆ, ಲೈಸೆನ್ಸ್ ಎಲ್ಲ ಸೇರಿ ಇನ್ನೊಂದು 7,500 ಹಿಡಿಯೋಣ. ಕೈಯಿಂದ ಹೋಗುವುದು ಸುಮಾರು 10,000 ಡಾಲರ್.

ಓದದೇ ಇದ್ದಿದ್ದರೆ ಗಂಟೆಗೆ 20ರಂತೆ ವರ್ಷಕ್ಕೆ 41,600 ದುಡಿಯುತ್ತಿದ್ದಳು. ಓದುವಾಗ ಅರ್ಧ ದಿನ ಕೆಲಸ ಮಾಡಿ ಅದರ ಅರ್ಧ ಗಳಿಸಿದರೆ, ಎರಡು ವರ್ಷದಲ್ಲಿ ಬಿಟ್ಟ ದುಡ್ಡು 41,600. ಒಟ್ಟು ಖರ್ಚು ಸುಮಾರು 52,000 ಆಯಿತು. ನೋಡಿ, ಐದರಲ್ಲಿ ನಾಲ್ಕು ಪಾಲು ಬಿಲ್ ಬರದ ಖರ್ಚೇ.

ಆಮೇಲೆ ಎರಡು ವರ್ಷ ಅಪ್ರೆಂಟಿಸ್. ಗಂಟೆಗೆ 20 ಸಿಕ್ಕಿತು ಅನ್ನೋಣ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಲೈಸೆನ್ಸ್ ಬಂದ ಮೇಲೆ 52,000 ಸಂಬಳ. ಓದದಿದ್ದರೆ ಸಿಗುತ್ತಿದ್ದುದಕ್ಕಿಂತ ವರ್ಷಕ್ಕೆ 10,400 ಜಾಸ್ತಿ. 52,000 ವಾಪಸ್ ಬರಲು ಐದು ವರ್ಷ ಬೇಕು. ಕಾಲೇಜು ಸೇರಿದ ದಿನದಿಂದ ಎಣಿಸಿದರೆ ಒಂಬತ್ತು ವರ್ಷ. ತೆರಿಗೆ ಕಳೆದರೆ ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಪೆಲ್ ಗ್ರಾಂಟ್ ಸಿಕ್ಕಿ ಕೈಯ ಖರ್ಚು ಹೋಗಿಬಿಟ್ಟರೆ ಒಂದು ವರ್ಷ ಹಿಂದಕ್ಕೆ ಬರುತ್ತದೆ.

ಇದೇ ಹುಡುಗಿ ದೂರದ ಖಾಸಗಿ ಕಾಲೇಜಿಗೆ ಹೋದಳು ಅನ್ನಿ. ಫೀಸು 28,000, ಬಾಡಿಗೆ-ಊಟಕ್ಕೆ 12,000, ಎಲ್ಲ ಸಾಲ. ತಿಂಗಳಿಗೆ 454 ಕಂತು ಅಂದರೆ ವರ್ಷಕ್ಕೆ ಸುಮಾರು 5,450. ಡಿಗ್ರಿಯಿಂದ ಬಂದ 10,400ರಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತು ವರ್ಷ ಕಂತಿಗೇ ಹೋಯಿತು. ಎರಡೂ ಕಡೆ ಓದಿದವರು ಬರೆಯುವ ಪರೀಕ್ಷೆ ಒಂದೇ, ಸಿಗುವ ಲೈಸೆನ್ಸ್ ಒಂದೇ. ಅದಕ್ಕೇ ನನ್ನ ತೀರ್ಮಾನ ಇಷ್ಟೇ: ಈ ಡಿಗ್ರಿ ಒಳಗೆ ಬಿಡುವ ಟಿಕೆಟ್, ಎಲ್ಲಿ ಅಗ್ಗವಾಗಿ ಸಿಗುತ್ತದೋ ಅಲ್ಲಿ ಕೊಳ್ಳಿ.

ಹೆಜ್ಜೆ 8: ಸಂಬಳ ಎಲ್ಲಿಂದ ಬೆಳೆಯುತ್ತದೆ ಅಂತ ಹುಡುಕಿ

ಮೊದಲನೆಯದು ಓವರ್‌ಟೈಮ್. ಸಾವು ಆಫೀಸ್ ಟೈಮ್ ನೋಡಿ ಬರುವುದಿಲ್ಲವಲ್ಲ. 52,000 ಸಂಬಳ ಅಂದರೆ ಗಂಟೆಗೆ 25. ವಾರಕ್ಕೆ ಐದು ಗಂಟೆ ಜಾಸ್ತಿ ಕೆಲಸ ಮಾಡಿ ಒಂದೂವರೆ ಪಟ್ಟು ಪಡೆದರೆ, 50 ವಾರಕ್ಕೆ 9,375 ಡಾಲರ್. ಹೆಚ್ಚುಕಡಿಮೆ ಡಿಗ್ರಿಯಿಂದ ಬಂದ ಹೆಚ್ಚಳದಷ್ಟೇ ಆಯಿತು ನೋಡಿ. ಆದರೆ ಎಲ್ಲರಿಗೂ ಇದು ಸಿಗುವುದಿಲ್ಲ. ಕೇಂದ್ರದ ಕಾರ್ಮಿಕ ನಿಯಮದಲ್ಲಿ ಒಂದು ಕಲಂ ಇದೆ: ಕಾಲೇಜು ಮಟ್ಟದ ನಾಲ್ಕು ವರ್ಷದ ಓದು, ಅದರಲ್ಲಿ ಮಾನ್ಯತೆ ಇರುವ ಮಾರ್ಚುಅರಿ ಕಾಲೇಜಿನ ಓದೂ ಸೇರಿ, ಕಡ್ಡಾಯ ಇರುವ ರಾಜ್ಯದಲ್ಲಿ ಲೈಸೆನ್ಸ್ ಪಡೆದು ಅಲ್ಲೇ ಕೆಲಸ ಮಾಡುವ ಡೈರೆಕ್ಟರ್ ಮತ್ತು ಎಂಬಾಮರುಗಳನ್ನು ತಿಂಗಳ ಸಂಬಳದ ಮೇಲಿಟ್ಟು, ಓವರ್‌ಟೈಮ್ ಕೊಡದೇ ಇರಬಹುದು. ಜಾಸ್ತಿ ಓದು ಕೇಳುವ ರಾಜ್ಯದಲ್ಲೇ ಜಾಸ್ತಿ ಗಂಟೆಗೆ ದುಡ್ಡು ಸಿಗದೇ ಹೋಗಬಹುದು. ವಿಚಿತ್ರ, ಅಲ್ವಾ? ಅಂಥ ಕಡೆ 55,000 ಸಂಬಳ ಅಂದರೂ, ಗಂಟೆ ಲೆಕ್ಕದ 52,000ಕ್ಕಿಂತ ಕಡಿಮೆ ಬೀಳಬಹುದು.

ಎರಡನೆಯದು ಕಮಿಷನ್. ಬದುಕಿರುವಾಗಲೇ ಅಂತ್ಯಕ್ರಿಯೆಗೆ ದುಡ್ಡು ಕಟ್ಟಿಡುವ ಪ್ಲಾನ್‌ಗಳನ್ನು ಮಾರಿದರೆ ಒಳ್ಳೆಯ ಕಮಿಷನ್ ಬರುತ್ತದೆ. ಇದಕ್ಕೆ ಬಹಳ ಕಡೆ ಇನ್ಶೂರೆನ್ಸ್ ಲೈಸೆನ್ಸ್ ಬೇಕು. ಮಾರಾಟದ ಮಾತು ಬಾಯಿಗೆ ಬರುವವರಿಗೆ ಸರಿ, ಉಳಿದವರಿಗೆ ಹಿಂಸೆ.

ಮೂರನೆಯದು ಮ್ಯಾನೇಜರ್ ಕುರ್ಚಿ ಅಥವಾ ಸ್ವಂತದ್ದು. ಫ್ಯೂನರಲ್ ಹೋಮುಗಳಲ್ಲಿ ಬಹುಪಾಲು ಇವತ್ತಿಗೂ ಕುಟುಂಬಗಳ ಕೈಯಲ್ಲೇ ಇವೆ. ಮಾಲೀಕರ ಮಕ್ಕಳು ಬೇರೆ ಕೆಲಸ ಹಿಡಿದಿದ್ದರೆ, ವಯಸ್ಸಾದ ಮಾಲೀಕರು ನಂಬಿಕಸ್ಥ ನೌಕರರಿಗೇ ಕಂತಿನ ಮೇಲೆ ಮಾರುವುದುಂಟು. ಇನ್ನೊಂದು ಕಡೆ ಹ್ಯೂಸ್ಟನ್ನಿನ ಸರ್ವೀಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್‌ನಂಥ ದೈತ್ಯ ಕಂಪನಿ. ಡಿಗ್ನಿಟಿ ಮೆಮೋರಿಯಲ್ ಬೋರ್ಡು ಕಂಡರೆ ಅದು ಅವರದೇ. ದೊಡ್ಡ ಕಂಪನಿಯಲ್ಲಿ ಹೆಲ್ತ್ ಇನ್ಶೂರೆನ್ಸ್, ನಿವೃತ್ತಿ ನಿಧಿ ಕ್ರಮವಾಗಿರುತ್ತವೆ. ಚಿಕ್ಕ ಕಡೆ ಸಂಬಳದ ಜೊತೆ ಮೇಲಿನ ಮಹಡಿಯಲ್ಲಿ ಪುಕ್ಕಟೆ ಮನೆ ಕೊಡುವವರೂ ಇದ್ದಾರೆ. ಬಾಡಿಗೆ ಇಲ್ಲದ ಮನೆಯೂ ಸಂಬಳವೇ, ಲೆಕ್ಕಕ್ಕೆ ಸೇರಿಸಿ. ಹಾಗೇ ಕೆಳಗೆ ಫೋನ್ ಬಾರಿಸಿದರೆ ಮೊದಲು ಇಳಿಯಬೇಕಾದವರು ನೀವೇ ಅನ್ನುವುದನ್ನೂ ಸೇರಿಸಿ.

ಹೆಜ್ಜೆ 9: ಹತ್ತು ವರ್ಷದ ನಂತರ ಈ ಕೆಲಸ ಹೇಗಿರುತ್ತದೆ

1960ರ ಹೊತ್ತಿಗೆ ಅಮೆರಿಕದಲ್ಲಿ ನೂರಕ್ಕೆ ನಾಲ್ಕು ಜನರಿಗೂ ದಹನ ಆಗುತ್ತಿರಲಿಲ್ಲ. 2015ರಲ್ಲಿ ದಹನ ದಫನವನ್ನು ಹಿಂದೆ ಹಾಕಿತು. ಈಗ ನೂರಕ್ಕೆ 60ರ ಮೇಲೆ. ದಹನ ಜಾಸ್ತಿ ಆದಷ್ಟೂ ಶವಪೆಟ್ಟಿಗೆ, ಎಂಬಾಮಿಂಗ್ ಮಾರಾಟ ಕಡಿಮೆ, ಪ್ರತಿ ಸಾವಿನಿಂದ ಬರುವ ವ್ಯಾಪಾರವೂ ಕಡಿಮೆ. ಅದರ ಮೇಲೆ 1984ರಿಂದ ಜಾರಿಯಲ್ಲಿರುವ ಫ್ಯೂನರಲ್ ರೂಲ್ ಎಂಬ ಕೇಂದ್ರ ನಿಯಮದ ಪ್ರಕಾರ ಫ್ಯೂನರಲ್ ಹೋಮುಗಳು ಪ್ರತಿಯೊಂದಕ್ಕೂ ಬೇರೆ ಬೇರೆ ದರಪಟ್ಟಿ ಕೊಡಬೇಕು. ಜನ ಹೋಲಿಸಿ ನೋಡುತ್ತಾರೆ, ಬೇಡದ್ದನ್ನು ಬಿಡುತ್ತಾರೆ. ವಾಷಿಂಗ್ಟನ್ ರಾಜ್ಯ 2019ರಲ್ಲಿ ಶವವನ್ನು ಗೊಬ್ಬರವಾಗಿಸುವ ವಿಧಾನಕ್ಕೂ ಒಪ್ಪಿಗೆ ಕೊಟ್ಟಿತು.

ಬರೀ ಎಂಬಾಮಿಂಗ್ ನಂಬಿಕೊಂಡರೆ ಮುಂದೆ ಕಷ್ಟ ಅಂತ ನನಗನ್ನಿಸುತ್ತದೆ. ಜನರ ಜೊತೆ ಕೂತು ಮಾತಾಡಿ ಕಾರ್ಯಕ್ರಮ ರೂಪಿಸುವವರಿಗೆ ಬೇಡಿಕೆ ಉಳಿಯುತ್ತದೆ.

ನಮ್ಮವರಿಗೆ ಒಂದು ಅನುಕೂಲ ಇರುವುದು ಇಲ್ಲೇ. ನ್ಯೂಜೆರ್ಸಿ, ಟೆಕ್ಸಾಸ್, ಬೇ ಏರಿಯಾಗಳಲ್ಲಿ ಎಪ್ಪತ್ತರ ದಶಕದಲ್ಲಿ ಹೋದ ಭಾರತೀಯರಿಗೆ ಈಗ ವಯಸ್ಸಾಗಿದೆ. ಅವರ ಮನೆಯವರು ಬೇಗ ದಹನ ಆಗಲಿ ಅನ್ನುತ್ತಾರೆ, ಎಂಬಾಮಿಂಗ್ ಬೇಡ ಅನ್ನುತ್ತಾರೆ, ತಾವೇ ಸ್ನಾನ ಮಾಡಿಸಿ ಪಂಚೆ-ಸೀರೆ ಉಡಿಸಬೇಕು ಅನ್ನುತ್ತಾರೆ. ಮಗನೋ ಮಗಳೋ ಚಿತಾಗಾರದ ಬಟನ್ ಒತ್ತಬೇಕು. ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ 48 ಗಂಟೆ ಕಾಯದೇ ದಹನ ಮಾಡುವಂತಿಲ್ಲ. ಅದನ್ನು ಅಳುತ್ತಿರುವ ಮನೆಯವರಿಗೆ ಅವರದೇ ಭಾಷೆಯಲ್ಲಿ ತಿಳಿಸಿ ಹೇಳುವವರು ಬೇಕು. ಶವವನ್ನು ಬೆಂಗಳೂರಿಗೆ ಕಳಿಸುವುದಾದರೆ ಎಂಬಾಮಿಂಗ್ ಸರ್ಟಿಫಿಕೇಟ್, ಅಂಟುರೋಗ ಇಲ್ಲವೆಂಬ ಪತ್ರ, ಮರಣ ಪತ್ರ, ಪಾಸ್‌ಪೋರ್ಟ್ ರದ್ದತಿ, ಭಾರತದ ಕಾನ್ಸುಲೇಟ್‌ನ ಅನುಮತಿ ಎಲ್ಲ ಆಗಬೇಕು. ಈ ಕೆಲಸ ಬಲ್ಲ ಲೈಸೆನ್ಸುದಾರರನ್ನು ಇಂಥ ಊರುಗಳ ಫ್ಯೂನರಲ್ ಹೋಮುಗಳು ಕರೆದು ಕೂರಿಸಿಕೊಳ್ಳುತ್ತವೆ. ಕನ್ನಡದ ಜೊತೆ ಹಿಂದಿಯೋ ತೆಲುಗೋ ಗುಜರಾತಿಯೋ ಬಂದರೆ ಸಂಬಳದ ಮಾತಾಡುವಾಗ ಅದನ್ನು ಬಾಯಿಬಿಟ್ಟು ಹೇಳಿ. ಭಾರತೀಯರೇ ಇಲ್ಲದ ಊರಲ್ಲಿ ಮಾತ್ರ ಈ ಅನುಕೂಲಕ್ಕೆ ಬೆಲೆ ಇಲ್ಲ.

ಹೆಜ್ಜೆ 10: ಮೈ ಮತ್ತು ಮನೆಯ ಲೆಕ್ಕ

ಎಂಬಾಮಿಂಗ್ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ವರ್ಷ ಎಂಬಾಮಿಂಗ್ ಮಾಡಿದವರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿನಿಂದ ಸಾಯುವ ಅಪಾಯ ಹೆಚ್ಚಿತ್ತು. ಕೆಲಸದ ಜಾಗದ ಗಾಳಿಯಲ್ಲಿ ಇದು ಇರಲು ಕಾರ್ಮಿಕ ಸುರಕ್ಷತಾ ನಿಯಮದ ಮಿತಿ ಎಂಟು ಗಂಟೆಯ ಸರಾಸರಿಗೆ 0.75 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಮುಕ್ಕಾಲು ಪಾಲು. ಕೆಲಸಕ್ಕೆ ಸೇರುವ ಮೊದಲು ಎಂಬಾಮಿಂಗ್ ಕೋಣೆಗೆ ಕಾಲಿಟ್ಟು ನೋಡಿ. ಕಣ್ಣು ಉರಿಯಿತು ಅಂದರೆ ಅಲ್ಲಿನ ಗಾಳಿ ವ್ಯವಸ್ಥೆ ಸರಿಯಿಲ್ಲ, ಇನ್ನೊಂದು ಕಡೆ ಹುಡುಕಿ.

ಸೊಂಟ ನೋವು ಇನ್ನೊಂದು. ಶವ ಎತ್ತುವ ಕೆಲಸ, ಮೆಟ್ಟಿಲು ಇಳಿಸುವ ಕೆಲಸ. ಹಬ್ಬದ ದಿನ, ರಾತ್ರಿ ಎರಡು ಗಂಟೆ ಅಂತೇನೂ ಇಲ್ಲ. ಮಕ್ಕಳ ಸಾವು ನೋಡಬೇಕಾಗುತ್ತದೆ, ಅಪಘಾತದ ದೇಹ ಸರಿಪಡಿಸಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಮೈಲಿಗೆಯ ಮಾತೂ ಬರುತ್ತದೆ. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ "ಸ್ನಾನ ಮಾಡ್ಕೊಂಡು ಬಾ" ಅನ್ನಬಹುದು. ಗಂಡು-ಹೆಣ್ಣು ನೋಡುವಾಗಲೂ ಮಾತು ಏಳಬಹುದು. ಇದಕ್ಕೆ ಡಾಲರಿನ ಲೆಕ್ಕ ಇಲ್ಲ, ಆದರೆ ಎರಡೇ ವರ್ಷಕ್ಕೆ ಕೆಲಸ ಬಿಟ್ಟರೆ ಮೇಲೆ ಹಾಕಿದ ಒಂಬತ್ತು ವರ್ಷದ ಲೆಕ್ಕ ಪೂರ್ತಿ ಮುಳುಗುತ್ತದೆ.

ಹೆಜ್ಜೆ 11: ಫೀಸು ಕಟ್ಟುವ ಮೊದಲು ಒಳಗೆ ಕೆಲಸ ಮಾಡಿ

ಫ್ಯೂನರಲ್ ಹೋಮುಗಳಿಗೆ ಅರೆಕಾಲಿಕ ಕೆಲಸದವರು ಬೇಕಾಗುತ್ತಲೇ ಇರುತ್ತಾರೆ. ಬಂದವರನ್ನು ಕೂರಿಸುವುದು, ಕಾರು ತೊಳೆಯುವುದು, ಶವ ತರಲು ಜೊತೆಗೆ ಹೋಗುವುದು. ಇದಕ್ಕೆ ಸಾಮಾನ್ಯವಾಗಿ ಡಿಗ್ರಿ ಬೇಡ. ಒಂದು ಬೇಸಿಗೆ ಮಾಡಿ. ಅಲ್ಲಿ ನಿಭಾಯಿಸಲು ಆಗದಿದ್ದರೆ ಒಂದು ಡಾಲರ್ ಫೀಸೂ ಕಟ್ಟದೇ ಗೊತ್ತಾಯಿತು. ನಿಭಾಯಿಸಿದರೆ, ಅದೇ ಮಾಲೀಕರು ಮುಂದೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಬಹುದು, ಫೀಸಿನಲ್ಲಿ ಒಂದು ಪಾಲು ಕೊಡಲೂ ಒಪ್ಪಬಹುದು. ಕೊಟ್ಟರೆ ಎಷ್ಟು ವರ್ಷ ಅಲ್ಲೇ ಇರಬೇಕು ಅನ್ನುವುದನ್ನು ಬರೆಸಿಕೊಳ್ಳಿ.

ಸಂದರ್ಶನದಲ್ಲಿ ಕೇಳಲು ಸಂಕೋಚ ಬೇಡ. ವಾರಕ್ಕೆ ಎಷ್ಟು ರಾತ್ರಿ ಕರೆಗೆ ಸಿದ್ಧ ಇರಬೇಕು? ಸುಮ್ನೆ ಫೋನ್ ಪಕ್ಕ ಕಾಯುವುದಕ್ಕೆ ದುಡ್ಡಿದೆಯಾ, ಎದ್ದು ಹೋದಾಗ ಮಾತ್ರವಾ? ವರ್ಷಕ್ಕೆ ಇಲ್ಲಿ ಎಷ್ಟು ಎಂಬಾಮಿಂಗ್ ಆಗುತ್ತವೆ? ಕೊನೆಯದನ್ನು ಮರೆಯಲೇಬೇಡಿ. ಬಹುಪಾಲು ಎಂಬಾಮಿಂಗ್ ಇಲ್ಲದ ನೇರ ದಹನವನ್ನೇ ಮಾಡುವ ಕಡೆ ಸೇರಿದರೆ, ಕ್ಯಾಲಿಫೋರ್ನಿಯಾದ ಲೈಸೆನ್ಸಿಗೆ ಬೇಕಾದ 100 ಎಂಬಾಮಿಂಗ್‌ಗಳು ಎರಡು ವರ್ಷದಲ್ಲಿ ತುಂಬದೇ ಹೋಗಬಹುದು. ಆಗ ಅಪ್ರೆಂಟಿಸ್ ಸಂಬಳದಲ್ಲೇ ಮೂರನೇ ವರ್ಷಕ್ಕೆ ಕಾಲಿಡಬೇಕಾಗುತ್ತದೆ.